ನಡುವಿನ ಕಡ್ಡಿ

ಕಾಕಾರ ಬಲಗೈ ಹೆಬ್ಬೆರಳ ಉಗುರು ಹಸಿರಾಗಿತ್ತು. ಗಡಿಯಾರದೊಳಗೆ ಸೆಲ್ಲು ಸೋರಿ ತಾಮ್ರಕ್ಕೆ ಹಿಡಿದ ಕಿಲುಬನ್ನು ಆ ಉಗುರಿನಿಂದಲೇ ಕೆರೆಯುತ್ತಿದ್ದರು. ಚಾಕು ಹಾಕಿದರೆ ಒಳಗಿನ ಕೂದಲೆಳೆಯಂಥ ತಂತಿ ಹರಿಯುತ್ತದೆ ಎನ್ನುತ್ತಿದ್ದರು.

ನಾರಾಯಣಗೂಡದಲ್ಲಿ ಅವರದು ಮೇಜಿನಷ್ಟಗಲದ ಅಂಗಡಿ. ಗುಂಡಿ ಒತ್ತಿದರೆ ಮಾತ್ರ ಕೆಂಪು ಅಂಕಿ ಹೊತ್ತುವ ಹಳೆಯ ಕೈಗಡಿಯಾರಗಳನ್ನು ರಿಪೇರಿ ಮಾಡುವವರು ಆ ಕಡೆ ಅವರೊಬ್ಬರೇ. ನಾನು ಅಲ್ಲಿ ಕಸ ಹೊಡೆಯುವವಳು. ಆ ಪರವೂರಿನಲ್ಲಿ ನಾವಿಬ್ಬರೂ ರಾಯಚೂರು ಕಡೆಯವರು. ಅದಕ್ಕೇ ಕಾಕಾ ಅನ್ನುತ್ತಿದ್ದೆ.

ಅವರ ಕಣ್ಣಿಗೆ ಪರೆ ಬಂತು. ಬೆರಳಿಗೆ ಎಲ್ಲ ತಿಳಿಯುತ್ತಿತ್ತು, ಆ ಕೆಂಪು ಬೆಳಕು ಮಾತ್ರ ಕಾಣುತ್ತಿರಲಿಲ್ಲ. ಗಿರಾಕಿಗಳಿಗೆ ಗೊತ್ತಾದರೆ ಅಂಗಡಿ ಮುಚ್ಚಬೇಕು.

"ತಂಗಿ, ಗುಂಡಿ ಒತ್ತಿ ಅಂಕಿ ಓದು. ಯಾರಿಗೂ ಹೇಳಬ್ಯಾಡ" ಎಂದರು.

ನನಗೆ ಅಕ್ಷರ ಬಾರದು, ಅಂಕಿ ಅಷ್ಟಿಷ್ಟು ಬರುತ್ತಿತ್ತು. ಓದಿದೆ.

ಒಮ್ಮೆ ಮಾದಾಪುರದವನೊಬ್ಬ ತನ್ನ ತಂದೆಯ ಗಡಿಯಾರ ಕೊಟ್ಟಿದ್ದ. ಕೊನೆಯ ಅಂಕಿ ನೋಡಿ ನಾನು ಸೊನ್ನೆ ಎಂದೆ. ಕಾಕಾ ಕೊಟ್ಟು ಕಳಿಸಿದರು. ಮರುದಿನವೇ ಅವನು ಬಂದು, ಅಂಕಿಗಳು ಅರ್ಧಂಬರ್ಧ ಹೊತ್ತುತ್ತಿವೆ, ಕಣ್ಣು ಕುರುಡೇ ಎಂದು ಹಿಂದಿಯಲ್ಲಿ ಬೈದ. ಪೊರಕೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಕಾಕಾ ನನ್ನ ಕಡೆ ತಿರುಗಲೇ ಇಲ್ಲ. ತಪ್ಪು ತಮ್ಮದೇ ಎಂದರು.

ಅವನು ಹೋದ ಮೇಲೆ ಏಳು ಬೆಂಕಿಕಡ್ಡಿ ಜೋಡಿಸಿ ಗಡಿಯಾರದಲ್ಲಿ ಕಾಣುವಂಥ ಎಂಟು ಮಾಡಿದರು. ನಡುವಿನದನ್ನು ತೆಗೆದರು.

"ಈಗ ಏನಾತು?"

"ಸೊನ್ನಿ."

"ನೀ ನೋಡಿದ್ದು ಎಂಟು. ನಡುವಿನ ಕಡ್ಡಿ ಹತ್ತಿರಲಿಲ್ಲ. ಇನ್ಮ್ಯಾಲೆ ಅಂಕಿ ಹೇಳಬ್ಯಾಡ. ಎಷ್ಟು ಕಡ್ಡಿ ಹತ್ಯಾವ, ಅಷ್ಟ ಹೇಳು."

ಇನ್ನೊಂದನ್ನೂ ಕಲಿಸಿದರು. ಹೊತ್ತದ ಗಡಿಯಾರವನ್ನು ಸತ್ತಿತು ಅನ್ನಬಾರದು. ಅದರ ಸೆಲ್ಲು ತೆಗೆದು ನಡೆಯುವ ಗಡಿಯಾರಕ್ಕೆ ಹಾಕಿ ನೋಡಬೇಕು. ಅಲ್ಲಿ ಹೊತ್ತಿದರೆ ಸೆಲ್ಲಿನ ತಪ್ಪಲ್ಲ.

ಹೀಗೆ ಆರು ವರ್ಷ ಅಂಗಡಿ ನಡೆಯಿತು. ಗಿರಾಕಿಗಳಿಗೆ ಕೊನೆಗೂ ತಿಳಿಯಲಿಲ್ಲ. ಬಸ್ಸಿನ ನಂಬರನ್ನು ಇವತ್ತಿಗೂ ನಾನು ಕಡ್ಡಿ ಎಣಿಸಿಯೇ ಓದುತ್ತೇನೆ.

ಆಮೇಲೆ ಅವರ ಎದೆ ಕೆಟ್ಟಿತು. ಆಸ್ಪತ್ರೆಯಲ್ಲಿ ಬೆರಳಿಗೆ ನಾಡಿ, ಉಸಿರು ಅಳೆಯುವ ಚಿಮುಟದಂಥ ಸಣ್ಣ ಯಂತ್ರ ಸಿಕ್ಕಿಸಿದರು. ಅದರಲ್ಲೂ ಅದೇ ಕೆಂಪು ಅಂಕಿ.

"ಎಷ್ಟು ಕಡ್ಡಿ, ತಂಗಿ?"

"ಎರಡೂ ಅಂಕಿಯಾಗ ಏಳೇಳು, ಕಾಕಾ."

"ನಡುವಿಂದು ನೋಡಿದಿ?" ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಯಂತ್ರದ ಅಂಕಿಗಳು ಹೋದವು. ನಡುವಿನ ಕಡ್ಡಿಗಳು ಎರಡೇ ಉಳಿದವು. ಅದನ್ನು ತೆಗೆದು ನನ್ನ ಬೆರಳಿಗೆ ಸಿಕ್ಕಿಸಿದೆ. ಅಂಕಿಗಳು ಸರಿಯಾಗಿ ಹೊತ್ತಿದವು. ತಿರುಗಿ ಅವರ ಬೆರಳಿಗೆ ಹಾಕಿದೆ. ಎರಡೇ ಕಡ್ಡಿ.

ಯಂತ್ರದ ತಪ್ಪಿರಲಿಲ್ಲ. ನರ್ಸಮ್ಮನನ್ನು ಕೂಗಿದೆ.