ಮಿಷನ್ನಿಗೆ ಮಾಡಿಸಿದ ಸ್ನಾನ

ನನ್ನ ವಾರಗಿತ್ತಿ ಮುನಿಗಂಗಮ್ಮ ಹತ್ತಿರ ಬಂದರೆ ನೀಲಗಿರಿ ವಾಸನೆ. ಜಡಿಗೇನಹಳ್ಳಿ ಕಡೆ ನೀಲಗಿರಿ ತೋಪುಗಳನ್ನು ಕಡಿಸುವವರು ಹೆಚ್ಚಾದ ಮೇಲೆ ಅವಳೂ ಅವಳ ಗಂಡ ಬೈರಪ್ಪನೂ ರಾಗಿ ಕಣದ ಪಕ್ಕ ಒಂದು ಮಿಷನ್ ಹಾಕಿದರು. ಒಂದು ಕಡೆ ದಿಮ್ಮಿ ನುಂಗಿ ಇನ್ನೊಂದು ಕಡೆ ಚಕ್ಕೆ ಉಗುಳುವ ಮಿಷನ್. ಪಿಲ್ಲಗುಂಪೆಯ ಒಂದು ಕಾರ್ಖಾನೆಯವರು ಬಾಯ್ಲರಿಗೆ ಕಲ್ಲಿದ್ದಲು ಬಿಟ್ಟು ಅಗ್ಗದ ಈ ಚಕ್ಕೆ ಹಾಕಲು ಒಪ್ಪಿದರು. ಆದರೆ ಚಕ್ಕೆ ಚೆನ್ನಾಗಿ ಒಣಗಿರಬೇಕು. ಮೊದಲ ಲೋಡು ಪಾಸಾದರೆ ವರ್ಷಪೂರ್ತಿ ಇವರದೇ.

ಮುನಿಗಂಗಮ್ಮ ಆ ರಾಶಿಯನ್ನು ಬಾಣಂತಿಯನ್ನು ಕಾಯುವಂತೆ ಕಾದಳು. ಬಿಸಿಲು ಬಂದರೆ ಹರಡುವಳು, ಮೋಡ ಕಂಡರೆ ಟಾರ್ಪಾಲು ಹೊದಿಸುವಳು.

ಲೋಡು ಕಳಿಸುವ ಹಿಂದಿನ ದಿನವೇ ಆಯುಧಪೂಜೆ. ನಾನು ಕುಂಕುಮದ ತಟ್ಟೆ ತರುವಷ್ಟರಲ್ಲಿ ಬೈರಪ್ಪ ಪೈಪು ಹಿಡಿದು ಮಿಷನ್ ತೊಳೆಯುತ್ತಿದ್ದ.

“ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಲ್ದೇನಪ್ಪಾ?” ಎಂದೆ.

“ವರ್ಷಕ್ಕೊಂದ್ ದಪ ಸ್ನಾನ ಅತ್ತಿಗೆ. ನೀರು ಚಿಮುಕಿಸಿ ಬಿಡಕ್ಕಾಗ್ತದಾ?”

ಮುನಿಗಂಗಮ್ಮ ಒಳಗೆ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ನೀರು ಇಳಿಜಾರು ಹಿಡಿದು ಟಾರ್ಪಾಲಿನ ಅಡಿಗೆ ನುಗ್ಗಿದ್ದು ಯಾರಿಗೂ ಕಾಣಲಿಲ್ಲ. ಮೇಲೆ ರಾಶಿ ಗರಿಗರಿಯಾಗಿಯೇ ಇತ್ತು.

ಮಾರನೆಯ ದಿನ ಅವಳೇ ಲಾರಿಯಲ್ಲಿ ಕುಳಿತು ಹೋದಳು. ಕಾರ್ಖಾನೆಯವನು ಲೋಡಿನೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದನಂತೆ.

“ಏನಮ್ಮಾ, ಇದು ಸೌದೇನಾ, ಸೊಪ್ಪಾ? ವಾಪಸ್ ತಗೊಂಡ್ಹೋಗಿ. ಸೋಮವಾರದೊಳ್ಗೆ ಒಣಗಿಸ್ಕೊಂಡು ಬನ್ನಿ. ಇಲ್ದಿದ್ರೆ ಬೇರೆಯವ್ರಿಗೆ ಹೇಳ್ತೀವಿ.”

ಲಾರಿ ಕಣಕ್ಕೆ ಮರಳಿತು. ಅವಳು ಇಳಿದವಳೇ ಗಂಡನ ಮೇಲೆ ಹಾರಿಬಿದ್ದಳು.

“ಮಿಷನ್ನೇನು ಮುಟ್ಟಾಗಿತ್ತಾ, ಹಂಗೆ ತೊಳೆಯಕ್ಕೆ?”

“ದೇವ್ರ ಕೆಲ್ಸ ಕಣೇ...”

“ದೇವ್ರು ಒದ್ದೆ ಆದ್ರೂ ಒಪ್ಕೋತಾನೆ. ಬಾಯ್ಲರ್ ಒಪ್ಕೊಳಲ್ಲ!”

ಶನಿವಾರ ಮೋಡ. ಭಾನುವಾರ ತುಂತುರು. ಹರಡುವುದು, ಹೊದಿಸುವುದು, ಮತ್ತೆ ಹರಡುವುದು. ಅವಳ ಜೊತೆ ಮಗುಚಿ ಮಗುಚಿ ನನ್ನ ಸೊಂಟವೂ ಹೋಯಿತು. ಸೋಮವಾರ ಮಧ್ಯಾಹ್ನ ಒಂದು ಹಿಡಿ ತೆಗೆದು ಕೆನ್ನೆಗೆ ಒತ್ತಿಕೊಂಡಳು. ಇನ್ನೂ ತಣ್ಣಗಿತ್ತು.

ಬೈರಪ್ಪ ಮೆಲ್ಲಗೆ ಹತ್ತಿರ ಬಂದ. “ಸೂರ್ಯನಾರಾಯಣಂಗೊಂದು ಪೂಜೆ ಮಾಡ್ಸಾಣ್ವಾ?”

ಮುನಿಗಂಗಮ್ಮ ಸಲಿಕೆ ಅವನ ಕಾಲಬಳಿ ಎಸೆದಳು. “ಬಾಯಿ ಮುಚ್ಕೊಂಡು ಮಗುಚು.”

ಆಮೇಲೆ ತಾನೇ ಕಾರ್ಖಾನೆಗೆ ಫೋನು ಮಾಡಿ ಒಂದು ದಿನ ಕೇಳಿದಳು. ಬೇರೆಯವರ ಲೋಡು ಆಗಲೇ ಇಳಿಯುತ್ತಿದೆ ಎಂದರು.