ಬಾಗಿಲಿನ ಹಳದಿ

ಐಪ್ಯಾಡ್‌ನಲ್ಲಿ ಚಿತ್ರ ಬರೆಯುವುದನ್ನು ನನಗೆ ಕಲಿಸಿದವರು ಅಮೆರಿಕದ ನಮ್ಮೂರಿನ ಆಲ್ಡಿ ದಿನಸಿ ಅಂಗಡಿಯ ಪಕ್ಕದ ಮನೆಯ ಆಂಟಿ, ನಿವೃತ್ತ ಡಾಕ್ಟರ್. ವೀಸಾ ನಿಯಮದಿಂದಾಗಿ ಕೆಲಸಕ್ಕೆ ಹೋಗಲಾಗದೆ ನಾನು ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದ ದಿನಗಳು ಅವು. ಪ್ರತಿ ಶನಿವಾರ ಕಲಿಯಲು ಹೋದಾಗ ನಾನು ಬೆಲ್ ಒತ್ತಬೇಕಾಗಿರಲಿಲ್ಲ. ಅವರ ಬಾಗಿಲು ತೆರೆದೇ ಇರುತ್ತಿತ್ತು.

ನಾನು ರಂಗೋಲಿಗೆ ಬಣ್ಣ ತುಂಬಿ ಬೆಳೆದವಳು. ಅಲ್ಲಿ ಗೆರೆ ಬಂದರೆ ಬೆರಳು ತಾನೇ ನಿಲ್ಲುತ್ತದೆ. ಇಲ್ಲಿ ಬಣ್ಣ ತುಂಬುವ ಫಿಲ್ ಟೂಲ್ ಒತ್ತಿದಾಗ, ಗೆರೆಯಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಬಣ್ಣ ಹೊರಗೆ ಹರಿದು ಹಾಳೆಯನ್ನೆಲ್ಲ ನುಂಗುತ್ತಿತ್ತು. ನಾನು ಗೊಣಗುತ್ತಿದ್ದೆ. ಆಂಟಿ ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, ಆ ಸಂದನ್ನು ಹುಡುಕಿ ಹೊಲಿಗೆ ಹಾಕುವವರ ಹಾಗೆ ಮುಚ್ಚುತ್ತಿದ್ದರು. ಪ್ರತಿ ಸಲವೂ ಒಂದೇ ಮಾತು: "ಬಣ್ಣಕ್ಕೆ ಬೈಬೇಡ ಕಣಮ್ಮ, ಗೆರೆ ನೋಡು."

ನಾವು ಮನೆ ಖಾಲಿ ಮಾಡಿ ನಾರ್ತ್ ಕ್ಯಾರೊಲಿನಾಕ್ಕೆ ಹೊರಡುವ ವಾರ, ಕೊಟ್ಟು ಹೋಗೋಣವೆಂದು ಅವರ ಮನೆಯನ್ನೇ ಬರೆದೆ. ಅವರೆದುರೇ ಬಾಗಿಲಿಗೆ ದೀಪದ ಹಳದಿ ತುಂಬಿದೆ. ಹೊಸಿಲಿನ ಗೆರೆ ಎಳೆಯುವುದನ್ನೇ ಮರೆತಿದ್ದೆ. ಹಳದಿ ಅಂಗಳ ದಾಟಿ ರಸ್ತೆಯವರೆಗೂ ಹರಿಯಿತು.

"ಅಯ್ಯೋ, ಅನ್‌ಡೂ ಮಾಡ್ತೀನಿ ಆಂಟಿ" ಎಂದೆ.

ಅವರು ನನ್ನ ಕೈ ಹಿಡಿದರು. ಕನ್ನಡಕ ಹಣೆಗೇರಲಿಲ್ಲ.

"ಇರ್ಲಿ ಬಿಡು. ನೀನು ಬರೋವಾಗ ಯಾವತ್ತು ನಾನು ಬಾಗಿಲು ಹಾಕ್ಕೊಂಡಿದ್ದೆ, ಹೇಳು?"