ಮುದ್ರೆಯಿಲ್ಲದ ತವರ

ಮೊಮ್ಮಗಳಿಗೆ ಕೆಲಸ ಸಿಕ್ಕಿದ ವಾರ ನಾನು ಸಂತೆಮರಹಳ್ಳಿಯ ತಂಗಿಯ ಮನೆಗೆ ಹೋದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಹೇಳುವುದಿತ್ತು, ಅಷ್ಟೇ. ತಂಗಿಗೆ ಹೇಳಿದೆ, ಅವಳ ಸೊಸೆಗೆ ಹೇಳಿದೆ, ಹಾಲು ಹಾಕಲು ಬಂದವಳನ್ನು ನಿಲ್ಲಿಸಿಕೊಂಡು ಹೇಳಿದೆ. ಕೊನೆಗೆ ತಂಗಿಯೇ, "ಇನ್ನೊಂದ್ ಸತಿ ಏಳುದ್ರೆ ನಾನೂ ಓಗಿ ಅದೇ ಕೆಲ್ಸಕ್ ಸೇರ್ಕಂಬುಡ್ತೀನಿ, ಬುಡಕ್ಕ" ಎಂದಳು.

ಮೊಮ್ಮಗಳು ಎಂದರೆ ನನ್ನ ಮಗಳ ಮಗಳು. ಅವಳ ಅಪ್ಪ ಅವ್ವ ತೆರಕಣಾಂಬಿಯಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ. ಓದಿಗೆಂದು ಚಾಮರಾಜನಗರದ ನಮ್ಮ ಮನೆಗೆ ಬಂದವಳು ಡಿಪ್ಲೊಮಾ ಮುಗಿದರೂ ನಮ್ಮ ಜೊತೆಯೇ ಉಳಿದಳು. ನಮ್ಮ ಊರು ಜಿಲ್ಲೆಯಾಗಿ ಹತ್ತು ವರ್ಷ ದಾಟಿದ್ದ ಕಾಲ. ಬದನಗುಪ್ಪೆ ದಾಟಿ ರಸ್ತೆಯ ಪಕ್ಕದ ಒಂದು ಶೆಡ್ಡಿನಲ್ಲಿ ಮೊಬೈಲ್ ಚಾರ್ಜರಿನ ಒಳಗಿರುವ ಪುಟ್ಟ ತಾಮ್ರದ ಸುರುಳಿಗಳನ್ನು ಸುತ್ತುತ್ತಿದ್ದರು. ಹೊರಗಿನಿಂದ ಬಂದ ಸಾಮಾನನ್ನು ನೋಡಿ, ಸರಿಯಿದ್ದರೆ ಒಳಗೆ ತೆಗೆದುಕೊಳ್ಳುವುದು ಇವಳ ಕೆಲಸ. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ನಾನು ಎಲ್ಲರಿಗೂ ಖಾಯಂ ಆಗಿದೆ ಎಂದೇ ಹೇಳಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಅಲ್ಲಿ ಏನು ಮಾಡುತ್ತಾರೆಂದು ವಿವರಿಸಿದಳು. ಸುರುಳಿ ಸುತ್ತಿದ ಮೇಲೆ ತಂತಿಯ ತುದಿಯನ್ನು ಕರಗಿದ ತವರದೊಳಗೆ ಒಂದು ಸಲ ಅದ್ದಿ ತೆಗೆಯುತ್ತಾರಂತೆ. ನಮ್ಮ ಯಜಮಾನರು ಬೀಡಿಯನ್ನು ಬಾಯಿಂದ ತೆಗೆದು, "ಅಂಗಂದ್ರೆ ಕಲಾಯಿ ಅನ್ನು" ಎಂದರು.

ಅವರಿಗೆ ಅದಲ್ಲದೆ ಬೇರೆ ಏನು ಹೊಳೆಯಬೇಕು? ಮದುವೆಯಾದಾಗಿನಿಂದ ಅವರ ಮಂಡಿ ಕೈಕೊಡುವವರೆಗೆ ನಾವಿಬ್ಬರೂ ಮಾಡಿದ್ದು ಅದೇ. ಊರೂರಿನ ಬೀದಿಯಲ್ಲಿ ಗುಂಡಿ ತೋಡಿ ಇದ್ದಲು ಹಾಕಿ, ನಾನು ತಿದಿ ಒತ್ತಿ ಗಾಳಿ ಹಾಕುತ್ತಿದ್ದೆ, ಅವರು ಹಿತ್ತಾಳೆ ಪಾತ್ರೆ ಕಾಯಿಸಿ ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ ಹತ್ತಿಯಿಂದ ಒರೆಸುತ್ತಿದ್ದರು. ಬಿಳೀ ಹೊಗೆ ಎದ್ದು ಕಣ್ಣು ಉರಿಯುತ್ತಿತ್ತು. ಹೊಗೆ ಹೋದ ಮೇಲೆ ಪಾತ್ರೆಯೊಳಗೆ ಬೆಳ್ಳಿ ಸುರಿದ ಹಾಗೆ ಕಾಣುತ್ತಿತ್ತು. ಆಮೇಲೆ ಎಲ್ಲರ ಮನೆಗೂ ಸ್ಟೀಲು ಬಂತು. ನಾನು ಓದಿದ್ದು ಮೂರನೇ ಕ್ಲಾಸು. ಈ ತವರದ ವಿಷಯ ಬಿಟ್ಟರೆ ಬರೆಯುವಂಥದ್ದು ನನ್ನ ಹತ್ತಿರ ಹೆಚ್ಚೇನಿಲ್ಲ.

ಐದನೇ ತಿಂಗಳು, ಒಂದು ಸೋಮವಾರ ಸಂಜೆ ಅವಳು ಬಂದು ಗೋಡೆಗೆ ಒರಗಿ ಕೂತಳು. ಬ್ಯಾಗು ಎತ್ತಿ ನೋಡಿದೆ. ಮಧ್ಯಾಹ್ನದ ಡಬ್ಬಿ ಕಟ್ಟಿ ಕಳಿಸಿದಷ್ಟೇ ಭಾರ ಇತ್ತು.

"ಯಾಕ್ ಮಗಾ, ಉಣ್ನಿಲ್ವಾ?"

"ಅಸಿವಿಲ್ಲ ಕಣಜ್ಜಿ."

"ಯಾರಾರ ಏನಾರ ಅಂದ್ರಾ?"

"ಯಾರೂ ಏನೂ ಅನ್ನಿಲ್ಲ. ಒಂದ್ ಫಾರಂ ಬಂದದೆ, ಅಷ್ಟೇ."

ಚಾರ್ಜರು ಕೊಳ್ಳುವ ದೊಡ್ಡ ಕಂಪನಿಯವರು ಕಳಿಸಿದ ಫಾರಂ ಅದು. ನಾಲ್ಕು ಲೋಹಗಳ ಹೆಸರು ಬರೆದು, ಇವು ನಿಮ್ಮ ಸಾಮಾನಿನಲ್ಲಿ ಇವೆಯೇ, ಇದ್ದರೆ ಯಾರು ಕರಗಿಸಿದ್ದು ಎಂದು ಕೇಳಿದ್ದರು. ಚಿನ್ನ ನನಗೆ ಗೊತ್ತಿತ್ತು, ತವರ ಗೊತ್ತಿತ್ತು. ಉಳಿದೆರಡಕ್ಕೆ ನನ್ನ ನಾಲಿಗೆ ಹೊರಳಲಿಲ್ಲ.

"ಯಾಕ್ ಕೇಳ್ತಾರಂತೆ?" ಎಂದರು ಯಜಮಾನರು.

"ಕಾಂಗೋ ಅಂತ ಒಂದ್ ದೇಸ ಅದೆ ತಾತ. ಅಲ್ಲಿ ಬಂದೂಕ ಇಡ್ಕಂಡಿರೋರು ಗಣಿ ಬಾಯಲ್ಲೇ ಕುಂತ್ಕಂಡು, ಅಗ್ದೋರ ತವು ಅದಿರ ಕಿತ್ಕತಾರಂತೆ. ಚಿಕ್ ಮಕ್ಳೂ ಒಳಕ್ ಇಳೀತವಂತೆ. ಅದ ಮಾರುದ್ ದುಡ್ನಲ್ಲಿ ಇನ್ನಷ್ಟ್ ಬಂದೂಕ ಬತ್ತವೆ. ಆ ಅದಿರು ಕೈಯಿಂದ ಕೈಗೆ ಓಗಿ, ಕರಗಿ, ಕೊನೀಗೆ ಫೋನ್ ಒಳಕ್ ಬಂದ್ ಸೇರ್ಕತದೆ. ಅದ್ಕೇ ಇವ್ರು ಇಂದ್‌ಇಂದ್ಕೇ ಕೇಳ್ಕಂಡ್ ಓಯ್ತಾವ್ರೆ. ಚಾರ್ಜರ್ ಮಾಡೋರ ಕೇಳಿ, ಅವ್ರು ನಮ್ಮ ಕೇಳಿ, ನಾವು ನಮ್ಗೆ ತವರ ಕೊಡೋರ ಕೇಳಿ, ಕುಲುಮೆ ಗಂಟ ಮುಟ್ಬೇಕು."

"ಗಣಿ ಕೇಳದ್ ಬುಟ್ಟು ಕುಲುಮೆ ಯಾಕೆ?" ಎಂದೆ ನಾನು.

ಅವಳು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು. "ಹತ್ತೂರ್ ಅದಿರು ಒಂದ್ ಕುಲುಮೆಗ್ ಬಿದ್ ಮ್ಯಾಕೆ ಯಾವೂರ್ದು ಯಾವ್ದು ಅಂತ ಯಾರ್ ಏಳಾರು? ಕರಗ್ಸೋನು ಏನ್ ತಕಂಡ ಅಂತ ಅವನ್ಗೇ ಗೊತ್ತಿರ್ಬೇಕು. ಅಲ್ಲೇ ಇಡ್ಕೋಬೇಕು ಅದ."

ಮೊಮ್ಮಗಳು ಅವರ ಮುಖವನ್ನೇ ನೋಡಿದಳು. "ಇದ್ನೇ ಕಣ್ ತಾತ, ನಮ್ಗೆ ಅರ್ಧ ದಿನ ಟ್ರೈನಿಂಗ್ ಕೊಟ್ಟು ಏಳುದ್ದು."

ಅವಳ ತೊಡಕು ಇಷ್ಟು. ತವರ ಬರುತ್ತಿದ್ದದ್ದು ಗುಂಡ್ಲುಪೇಟೆಯ ಒಂದು ಅಂಗಡಿಯಿಂದ. ಆ ಅಂಗಡಿಯವರು ನೀಟಾಗಿ ಟೈಪ್ ಮಾಡಿಸಿದ ಕಾಗದ ಕಳಿಸಿದ್ದರು. ಅದರಲ್ಲಿ ಹೊರದೇಶದ ಒಂದು ಕುಲುಮೆಯ ಹೆಸರಿತ್ತು. ಆದರೆ ಹೊರದೇಶದ ಕುಲುಮೆಯಿಂದ ಬಂದ ಗಟ್ಟಿಯ ಮೇಲೆ ಅವರ ಮುದ್ರೆ ಒತ್ತಿರುತ್ತದಂತೆ. ಇವಳು ಪೆಟ್ಟಿಗೆ ಬಿಚ್ಚಿ ಒಂದೊಂದನ್ನೂ ತಿರುಗಿಸಿ ನೋಡಿದ್ದಳು. ಒಂದರ ಮೇಲೂ ಏನೂ ಇರಲಿಲ್ಲ. ಮ್ಯಾನೇಜರಿಗೆ ಹೇಳಿದರೆ, "ಕಾಗದ ಬಂದಿದೆಯಲ್ಲಮ್ಮ, ಅದರಲ್ಲಿರುವ ಹೆಸರು ಬರೆದು ಸೈನ್ ಹಾಕು. ಶುಕ್ರವಾರ ಅವರು ನೋಡೋಕೆ ಬರ್ತಾರೆ. ಆರ್ಡರ್ ಕೈತಪ್ಪಿದರೆ ಮೊದಲು ಹೋಗೋದು ಖಾಯಂ ಆಗದೆ ಇರೋರು" ಎಂದಿದ್ದರಂತೆ.

ನಾನು ಆಗ ಏನು ಹೇಳಿದೆ ಎಂಬುದನ್ನು ಮುಚ್ಚಿಡುವುದಿಲ್ಲ. "ಹಾಕ್ಬುಡು ಮಗಾ. ಎಲ್ಲೋ ಇರೋ ದೇಸ. ನಿನ್ ಸೈನ ಅಲ್ಲಿ ಯಾರ್ ನೋಡಾರು" ಎಂದೆ. ನನಗೆ ಕಂಡದ್ದು ಅವಳ ಕೆಲಸ ಮಾತ್ರ.

ಅವಳು ಸಿಟ್ಟಾಗಲಿಲ್ಲ. "ಅಲ್ಲಿರೋ ಮಕ್ಳುನ್ನೂ ಯಾರೂ ನೋಡದಿಲ್ವಂತೆ ಕಣಜ್ಜಿ" ಎಂದಳು.

ಯಜಮಾನರು ಮಾತ್ರ ಬೇರೆ ಏನನ್ನೋ ಯೋಚಿಸುತ್ತಿದ್ದರು. "ಆ ತವರ ಎಂಗದೆ? ಇಟ್ಟಿಗೆ ತರ ಅದ್ಯಾ, ಕಡ್ಡಿ ತರ ಅದ್ಯಾ?"

"ಕಡ್ಡಿ ತಾತ. ಮೂರ್ ಮೂಲೆ ಕಡ್ಡಿ, ಮೊಳದುದ್ದ."

ಅವರು ನಗಲು ಶುರು ಮಾಡಿದರು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ. "ಫಾರಿನ್ ಕಡ್ಡಿಯಂತೆ. ಆಂಗಲ್ ಕಬ್ಬಿಣ ಅಂಗಾತ ಮಡಗಿ, ಕರಗಿದ್ ತವರವ ಅದ್ರೊಳಕ್ ಉಯ್ದಿರದು ಕಣಮ್ಮಿ ಅದು. ನಾನೂ ಅಂಗೇ ಉಯ್ತಿದ್ದೆ. ಮುರ್ಯಕ್ಕೆ ಅನ್ಕೂಲ. ಈ ಸೀಮೇಲಿ ಕಲಾಯಿಯೋರ ಬುಟ್ರೆ ಇನ್ಯಾರೂ ಅಂಗ್ ಉಯ್ಯಲ್ಲ."

ಗುರುವಾರ ಅವಳು ರಜೆ ಹಾಕಿದಳು. ಅಂಗಡಿಯವರನ್ನೇ ಕೇಳಿಬಿಡೋಣ ಎಂದು ಮೂವರೂ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ಅವಳ ಕೆಲಸ ಉಳಿಯುವುದೋ ಹೋಗುವುದೋ ಅಲ್ಲಿ ತೀರ್ಮಾನವಾಗುವಾಗ ಮನೆಯಲ್ಲಿ ಕೂತು ನಾನೇನು ಸೊಪ್ಪು ಬಿಡಿಸಲೇ? ತೆರಕಣಾಂಬಿ ದಾಟುವವರೆಗೂ ಅವಳು ಫಾರಮ್ಮನ್ನು ಮಡಿಸುತ್ತಲೂ ಬಿಚ್ಚುತ್ತಲೂ ಇದ್ದಳು.

ಊಟಿ ರಸ್ತೆಯಿಂದ ಒಳಗೆ ಒಂದು ಸಂದಿಯಲ್ಲಿತ್ತು ಆ ಅಂಗಡಿ. ಮುಂದುಗಡೆ ಪಾತ್ರೆಗಳು, ತಕ್ಕಡಿ, ಹಿಂದುಗಡೆ ಕುಲುಮೆ. ಅಂಗಡಿಯವರು ಯಜಮಾನರಿಗಿಂತ ನಾಲ್ಕೈದು ವರ್ಷ ಚಿಕ್ಕವರು. ನಮಗೆ ತವರ, ನವಸಾಗರ ಕೊಡುತ್ತಿದ್ದವರು ಇವರೇ, ಇವರಿಗಿಂತ ಮೊದಲು ಇವರ ಅಪ್ಪ.

"ಓ, ಕಲಾಯಣ್ಣ. ಇನ್ನೂ ಇದ್ದೀಯಾ?"

"ನೀನು ತೂಕ್ದಲ್ಲಿ ಒಡ್ಯದ ಬುಟ್ರೆ ಓಗನ ಅಂತ ಕಾಯ್ತಾ ಇವ್ನಿ, ಸಾವ್ಕಾರ."

"ಅಕ್ಕನೂ ಬಂದವ್ಳೆ. ಯಾರಿದು ಮಗ, ಮದ್ವೆಗೆ ಪಾತ್ರೆ ತಕ್ಕಳಕ್ ಬಂದ್ರಾ?"

"ಅಲ್ಲ ಅಂಕಲ್," ಎಂದಳು ಮೊಮ್ಮಗಳು, "ನಾನು ಬದನಗುಪ್ಪೆ ಫ್ಯಾಕ್ಟ್ರಿಯಿಂದ ಬಂದಿರದು. ತವರದ್ ಇಸ್ಯ."

ಅವರ ಮುಖದ ನಗು ಅಲ್ಲಿಗೆ ನಿಂತಿತು. "ಕಾಗದ ಕಳ್ಸಿವ್ನಲ್ಲ."

ಯಜಮಾನರು ಒಳಗೆ ಕೈ ಚಾಚಿ, ಜೋಡಿಸಿಟ್ಟಿದ್ದ ಮೂರು ಮೂಲೆಯ ಕಡ್ಡಿಗಳಲ್ಲಿ ಒಂದನ್ನು ಎಳೆದುಕೊಂಡರು. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದರು. ಒಳ್ಳೆಯ ತವರ ಬಗ್ಗುವಾಗ ಒಳಗೇ ಕಿರ್ರೆಂದು ಅಳುತ್ತದೆ. ಸೀಸ ಬೆರೆತಿದ್ದರೆ ಅಳುವುದಿಲ್ಲ. ಅವರ ಕಿವಿ ಮಂದವಾಗಿತ್ತು. ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ತಂದು ಇನ್ನೊಮ್ಮೆ ಬಗ್ಗಿಸಿದರು.

"ಅಳ್ತದೆ," ಎಂದೆ.

"ತವರ ಚೆನ್ನಾಗದೆ ಸಾವ್ಕಾರ. ಚೆನ್ನಾಗಿರೋದ್ಕೆ ಯಾಕ್ ಸುಳ್ ಎಸ್ರು ಕೊಟ್ಟೆ?"

ಅಂಗಡಿಯವರು ತಕ್ಕಡಿಯ ಕಲ್ಲುಗಳನ್ನು ಅತ್ತಿತ್ತ ಸರಿಸಿದರು. "ಇನ್ನೇನ್ ಬರೀಲಿ? ಕಲಾಯಿ ಬುಟ್ಟೋರು ಮಾರುದ್ ತವರ, ಗಡಿ ಆಚೆ ಬತ್ತೇರಿ ಕಡೆ ಉರುಳಿ ಪಾತ್ರೆಗ್ ಕಲಾಯಿ ಬಳ್ಯೋರು ಮಾರುದ್ದು, ಎಲ್ಲ ಗುಡ್ಡೆ ಹಾಕಿ ಕರಗ್ಸಿವ್ನಿ ಅಂತ ಬರೀಲಾ? ಗುಜರಿ ಅಂತ ಗೊತ್ತಾದ್ರೆ ಯಾರ್ ತಕತಾರೆ? ಮಾನ ಓಯ್ತದೆ. ಕಂಪ್ಯೂಟ್ರು ಅಂಗ್ಡಿ ಉಡ್ಗಿ, ಫಾರಿನ್ ಎಸ್ರು ಆಕನ ಅಂಕಲ್, ಗೆತ್ತಾಗಿರ್ತದೆ ಅಂದ್ಲು. ಆಕಿಸ್ದೆ."

ಮೊಮ್ಮಗಳು ಫಾರಂ ಬಿಚ್ಚಿ ಬೆರಳಿಟ್ಟು ಓದುತ್ತಾ ಹೋದಳು. ಕೊನೆಯ ಹಾಳೆಗೆ ಬಂದಾಗ ಬೆರಳು ನಿಂತಿತು. ಹಳೆಯ ಲೋಹವನ್ನು ಮತ್ತೆ ಕರಗಿಸಿದ್ದೇ, ಹಾಗಿದ್ದರೆ ಎಲ್ಲಿಂದ ಕೊಂಡದ್ದು ಎಂದು ಕೇಳುವ ಜಾಗ ಅದರಲ್ಲೇ ಇತ್ತು. ಕಾಗದದಲ್ಲಿ ಫಾರಿನ್ ಎಂದಿದ್ದರಿಂದ ಅದು ತನಗೆ ಬೇಡವೆಂದು ಅವಳು ಬಿಟ್ಟಿದ್ದಳು.

"ಅಂಕಲ್, ಹಳೇದು ಅಂದ್ರೆ ತಪ್ಪಲ್ಲ ಇವ್ರಿಗೆ. ಹೊಸ್ದಾಗ್ ಯಾರೂ ಅಗ್ದಿಲ್ಲ ಅಂತ ಅಲ್ವಾ. ಇದ್ಕೇ ಒಂದ್ ಜಾಗ ಮಾಡವ್ರೆ. ನೀವು ಯಾರ್ಯಾರ್ ತವು ತಕಂಡ್ರಿ ಅಂತ ಏಳಿ ಸಾಕು."

"ಅಷ್ಟೇಯಾ?" ಎಂದರು ಅವರು. ನಂಬಿಕೆ ಬರಲಿಲ್ಲ. "ಅಷ್ಟೇ ಆಗಿದ್ರೆ ಆ ಉಡ್ಗೀಗ್ ಕೊಟ್ಟ ಟೈಪಿಂಗ್ ಕಾಸು ದಂಡ."

ಅವರು ನೆನಪಿಸಿಕೊಂಡು ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು. ಊರಿನ ಹೆಸರು, ಆಳಿನ ಹೆಸರು. ಅರ್ಧಕ್ಕೆ ಬಂದಾಗ ಅವರು ನಿಲ್ಲಿಸಿ ಯಜಮಾನರ ಕಡೆ ನೋಡಿದರು. "ಇವ್ನುದೂ ಬರ್ಕೊ ಮಗ. ಮಂಡಿ ನೋವು ಅಂತ ಕಸುಬು ಬುಟ್ಟಾಗ ಮಿಕ್ಕಿದ್ದ ಎಲ್ಲಾ ತಂದ್ ನಂಗೇ ಕೊಟ್ಟ."

ನನಗೆ ಅದು ಗೊತ್ತಿತ್ತು. ಅಂದು ಚೀಲ ಹೊತ್ತು ಬಂದದ್ದು ನಾನೇ. ಆದರೆ ಆ ತವರ ನನ್ನ ಮೊಮ್ಮಗಳ ಫ್ಯಾಕ್ಟರಿಯವರೆಗೆ ಹೋಗಿರಬಹುದು ಎಂದು ಯಾವತ್ತೂ ಯೋಚಿಸಿರಲಿಲ್ಲ. ಅವಳು ತಾತನ ಹೆಸರು ಬರೆದು ಸೈನ್ ಹಾಕಿಸಿಕೊಂಡಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು.

"ನಂದ್ಯಾಕೆ ಮಗಾ? ನಾನ್ ತಿದಿ ಒತ್ತೋಳು."

"ಒತ್ತದೇ ಇದ್ರೆ ಕರಗ್ತಿತ್ತಾ? ಬರಿಯಜ್ಜಿ."

ತಕ್ಕಡಿಯ ಹಲಗೆಯ ಮೇಲೆ ಹಾಳೆಯಿಟ್ಟುಕೊಂಡು ನನ್ನ ಹೆಸರು ಬರೆದೆ. ಒಂದು ಒತ್ತಕ್ಷರ ಗೆರೆ ದಾಟಿ ಕೆಳಗೆ ಹೋಯಿತು. ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರು ಬೇರೆಲ್ಲೂ ಇರಲಿಲ್ಲ. ಇನ್ನು ದೊಡ್ಡ ಕಂಪನಿಯವರ ಕಾಗದದಲ್ಲೂ ಇರುತ್ತದೆ ಎಂಬ ಹಿಗ್ಗಿಗೆ, ವಾಪಸು ಬರುವಾಗ ನನಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟಿದ್ದರೂ ತೆರಕಣಾಂಬಿಯವರೆಗೆ ಕಂಬಿ ಹಿಡಿದು ನಿಂತೇ ಬಂದೆ. ಯಜಮಾನರು, "ಕುಂತ್ಕಳೇ, ಬಸ್ಸು ನೀನ್ ಓಡಿಸ್ತಾ ಇಲ್ಲ" ಎಂದರು.

ಶುಕ್ರವಾರ ಸಂಜೆ ಬಾಗಿಲಲ್ಲೇ ಕಾದೆ. ಅವಳು ಬರುತ್ತಿದ್ದಂತೆ ಬ್ಯಾಗು ಕಿತ್ತುಕೊಂಡು ಡಬ್ಬಿ ಅಲ್ಲಾಡಿಸಿದೆ. ಖಾಲಿ.

ಮ್ಯಾನೇಜರು ಬೆಳಿಗ್ಗೆ ಫಾರಂ ನೋಡಿ, ನನ್ನನ್ನು ಬೀದಿಯಲ್ಲಿ ನಿಲ್ಲಿಸಿಬಿಟ್ಟೆಯಲ್ಲಮ್ಮ ಎಂದರಂತೆ. ಬಂದ ಇಬ್ಬರಲ್ಲಿ ಕನ್ನಡಕದ ಹೆಂಗಸು ಇವಳನ್ನು ಕರೆದು, ಕಾಗದದಲ್ಲಿ ಫಾರಿನ್ ಎಂದಿದೆ, ನೀನು ಹಳೆಯದು ಎಂದು ಬರೆದಿದ್ದೀಯ, ಹೇಗೆ ಗೊತ್ತಾಯಿತು ಎಂದು ಕೇಳಿದರಂತೆ. ಇವಳು ಕಡ್ಡಿಯನ್ನು ಮೇಜಿನ ಮೇಲಿಟ್ಟು, ಅದನ್ನು ಹೇಗೆ ಹೊಯ್ಯುತ್ತಾರೆಂದು ಹೇಳಿದಳು. ಪಟ್ಟಿ ತೋರಿಸಿದಳು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ನಮ್ಮ ಸೈನುಗಳನ್ನು ಒಂದೊಂದಾಗಿ ನೋಡಿ, ಇದು ಯಾರದು, ಇದು ಯಾರದು ಎಂದು ಕೇಳಿ, ಫೋಟೋ ತೆಗೆದುಕೊಂಡರಂತೆ. ಇನ್ನು ಮೇಲೆ ಅಂಗಡಿಯವರು ಕೊಳ್ಳುವಾಗಲೇ ಹೀಗೆ ಬರೆದಿಡಬೇಕು ಎಂದು ಹೇಳಿ ಫಾರಂ ಒಪ್ಪಿಕೊಂಡರು.

"ನಂದೂ ನೋಡುದ್ರಾ?"

"ನಿಂದೇ ಜಾಸ್ತಿ ಹೊತ್ತು ನೋಡುದ್ದು. ಒತ್ತಕ್ಷರ ಹಾಳೆ ಬುಟ್ ಓಯ್ತಾ ಇತ್ತಲ್ಲ."

ಅನ್ನ ಬಡಿಸುವಾಗ ನನಗೊಂದು ಮಾತು ತಡೆಯಲಾಗಲಿಲ್ಲ. "ಅಲ್ಲ ಮಗಾ, ನಿಮ್ ತಾತ ಮಾರುದ್ ತವರ, ಅದ್ಕೂ ಮೊದ್ಲು ಎಲ್ಲಿತ್ತು? ಅದ್ನೂ ಯಾರೋ ಅಗ್ದಿರ್ಬೇಕಲ್ಲ."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಫಾರಂ ಅಷ್ಟ್ ದೂರ ಕೇಳಲ್ಲ ಕಣಜ್ಜಿ."

ನಾವೂ ಕೇಳಿರಲಿಲ್ಲ. ಅಷ್ಟು ವರ್ಷ ಅಂಗಡಿಯಲ್ಲಿ ತೂಕ ನೋಡಿದೆವು, ಅಳುತ್ತದೆಯೇ ಎಂದು ಕಿವಿಗೆ ಹಿಡಿದು ನೋಡಿದೆವು. ಎಲ್ಲಿಂದ ಬಂತು ಎಂದು ಒಂದು ದಿನವೂ ಕೇಳಲಿಲ್ಲ. ನಾನು ಒತ್ತಿದ ಗಾಳಿಯಲ್ಲಿ ಕರಗಿದ್ದನ್ನು ಯಾರ ಕೈ ಅಗೆದಿತ್ತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಸಂತೋಷವೇನೂ ಅದರಿಂದ ಕಡಿಮೆಯಾಗುವುದಿಲ್ಲ. ಎರಡೂ ಜೊತೆಗೇ ಇರುತ್ತವೆ.

ಮುಂದಿನ ತಿಂಗಳು ಅವಳನ್ನು ಖಾಯಂ ಮಾಡಿದರು. ಮ್ಯಾನೇಜರೇ ಕರೆದು ಕಾಗದ ಕೊಟ್ಟರು. ಬರುವ ಸಾಮಾನಿನಲ್ಲಿ ಯಾವುದು ಎಲ್ಲಿಂದ ಬಂತು ಎಂದು ಕೇಳಿ ತಿಳಿಯುವ ಕೆಲಸವನ್ನೂ ಅವಳಿಗೇ ಒಪ್ಪಿಸಿದರು. ಮಾರನೆಯ ಬೆಳಿಗ್ಗೆ ತಲೆ ಬಾಚಿ, ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

"ತಾತ, ಫಾರಮ್ಮಲ್ಲಿ ತಾಮ್ರ ಇಲ್ಲ. ಆದ್ರೂ ಕೇಳ್ತೀನಿ. ತಾಮ್ರದ್ ತಂತಿ ನೋಡುದ್ರೆ ಹೊಸ್ದಾ, ಕರಗ್ಸಿರದಾ ಅಂತ ಗೊತ್ತಾಯ್ತದಾ?"

ಯಜಮಾನರು ಜಗುಲಿಯ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಕಸುಬು ಬಿಟ್ಟ ಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. "ಕುಂತ್ಕ, ಏಳ್ತೀನಿ" ಎಂದು, ಎಲ್ಲಿಂದ ಹಿಡಿಯಲಿ ಎಂದು ಯೋಚಿಸಿ, ಶುರು ಮಾಡಿದರು. ಅವಳ ಬಸ್ಸು ಹಾರನ್ ಹೊಡೆಯುತ್ತಾ ತಿರುವಿನಲ್ಲಿ ಹೋದದ್ದು ನನಗೆ ಕೇಳಿಸಿತು. ನಾನು ಹೇಳಲಿಲ್ಲ. ಒಳಗೆ ಹೋಗಿ ಇಬ್ಬರಿಗೂ ಇನ್ನೊಂದು ಲೋಟ ಕಾಫಿಗೆ ನೀರಿಟ್ಟೆ.